ಹೊಸ ಹಾಸಿಗೆಯ ವಾಸನೆ ವಿಷವೇ? ‘100% ನ್ಯಾಚುರಲ್’ ಅಂದರೆ ನಿಜಕ್ಕೂ ಏನು?

“ಹೊಸ ಫೋಮ್ ಹಾಸಿಗೆ ರಾತ್ರಿಯಿಡೀ ವಿಷಾನಿಲ ಬಿಡುತ್ತದೆ. ಭೋಪಾಲ್‌ನಲ್ಲಿ ಸೋರಿದ ಅನಿಲವೇ ಇದರಲ್ಲೂ ಇದೆ. ಮಕ್ಕಳನ್ನು ಮಲಗಿಸಬೇಡಿ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಎಲ್ಲ ಗ್ರೂಪಿಗೂ ಕಳಿಸಿ.”

ಈ ಧಾಟಿಯ ಫಾರ್ವರ್ಡ್ ನಮ್ಮ ಮನೆಯ ಗ್ರೂಪಿಗೆ ಬಂದಾಗ ನನ್ನ ಅಕ್ಕನಿಗೆ ಎಂಟು ತಿಂಗಳು ತುಂಬಿತ್ತು. ಹುಟ್ಟುವ ಮಗುವಿಗೆ ಪುಟ್ಟ ಮಂಚ ಬಂದಾಗಿತ್ತು, ಹಾಸಿಗೆ ಇನ್ನೂ ತಂದಿರಲಿಲ್ಲ. ಮೆಸೇಜಿನ ಕೊನೆಯಲ್ಲಿ ‘100% ನ್ಯಾಚುರಲ್ ಲೇಟೆಕ್ಸ್, ಕೆಮಿಕಲ್ ಫ್ರೀ’ ಬೇಬಿ ಹಾಸಿಗೆಯ ಲಿಂಕ್ ಇತ್ತು. ಬೆಲೆ, ಅಂಗಡಿಯಲ್ಲಿ ನೋಡಿ ಬಂದಿದ್ದ ಹಾಸಿಗೆಯ ಮೂರು ಪಟ್ಟು. ಅಮ್ಮ ಕೆಳಗೆ ಒಂದೇ ಸಾಲು ಬರೆದಳು: “ದುಡ್ಡಿನ ಮುಖ ನೋಡಬೇಡಿ.” ಅಕ್ಕ ಮಾತ್ರ ಅದನ್ನು ನನಗೆ ಬೇರೆಯಾಗಿ ಕಳಿಸಿ, ನಿಜವಾ ನೋಡಿ ಹೇಳು ಅಂದಳು.

ನೋಡಿದೆ. ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ಅದರ ತೊಂದರೆ. ಹೊಸ ಹಾಸಿಗೆಯಿಂದ ರಾಸಾಯನಿಕಗಳು ಗಾಳಿಗೆ ಸೇರುವುದು ನಿಜ. ಆದರೆ ಹಾಸಿಗೆ ಯಾವುದರಿಂದ ಮಾಡಿದ್ದು ಎಂಬುದು ಒಂದು ಪ್ರಶ್ನೆ, ಅದರಿಂದ ಏನು ಎಷ್ಟು ಹೊರಬರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಫಾರ್ವರ್ಡ್ ಇವೆರಡನ್ನೂ ಕಲಸಿಬಿಡುತ್ತದೆ. ಮಗುವಿನ ವಿಷಯಕ್ಕೆ ಬಂದರೆ ಇವೆರಡಕ್ಕಿಂತ ದೊಡ್ಡದಾದ ಮೂರನೆಯದೊಂದು ಪ್ರಶ್ನೆ ಇದೆ. ಅದರ ಸುದ್ದಿಯೇ ಮೆಸೇಜಿನಲ್ಲಿ ಇಲ್ಲ.

ವಾಸನೆ ಬರುವುದು ಎಲ್ಲಿಂದ?

ನಾವು ‘ಫೋಮ್’ ಎನ್ನುವುದು ಹೆಚ್ಚಾಗಿ ಪಾಲಿಯುರೆಥೇನ್, ಚಿಕ್ಕದಾಗಿ ಪಿಯು ಫೋಮ್. ಜರ್ಮನಿಯ ರಸಾಯನ ವಿಜ್ಞಾನಿ ಒಟ್ಟೊ ಬಾಯರ್ 1937ರಲ್ಲಿ ಈ ಪ್ಲಾಸ್ಟಿಕ್ ಕುಟುಂಬವನ್ನು ಕಂಡುಹಿಡಿದರು. ಮಾಡುವ ರೀತಿ ಒಂದು ಲೆಕ್ಕಕ್ಕೆ ಇಡ್ಲಿ ಹಿಟ್ಟು ಉಬ್ಬಿದ ಹಾಗೆ. ಪಾಲಿಯೋಲ್ ಎಂಬ ದ್ರವ, ಡೈಐಸೊಸಯನೇಟ್ ಎಂಬ ಇನ್ನೊಂದು ದ್ರವ, ಸ್ವಲ್ಪ ನೀರು, ಕ್ರಿಯೆ ಬೇಗ ಆಗಲು ಅಮೈನ್ ಜಾತಿಯ ವೇಗವರ್ಧಕ. ನೀರು ಐಸೊಸಯನೇಟ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ, ಆ ಗುಳ್ಳೆಗಳಿಂದ ಮಿಶ್ರಣ ಉಬ್ಬುತ್ತದೆ, ಉಬ್ಬುತ್ತಲೇ ಗಟ್ಟಿಯಾಗುತ್ತದೆ.

ಪ್ಯಾಕ್ ಬಿಚ್ಚಿದ ಕೂಡಲೇ ಮೂಗಿಗೆ ಬಡಿಯುವುದು ಈ ಕ್ರಿಯೆಯಲ್ಲಿ ಉಳಿದುಹೋದ ಅಮೈನ್‌ಗಳು, ಫೋಮ್ ಹಳದಿಯಾಗದಂತೆ ಹಾಕಿದ ಪದಾರ್ಥಗಳು, ಪದರಗಳನ್ನು ಅಂಟಿಸಿದ ಗೋಂದಿನ ದ್ರಾವಕ. ಇವು ಸುಲಭವಾಗಿ ಆವಿಯಾಗುವ ಸಾವಯವ ಸಂಯುಕ್ತಗಳು, ವಿಒಸಿ ಎಂದು ಕರೆಯುವುದು ಇವನ್ನೇ. ಸಾವಯವ ಎಂದರೆ ಇಲ್ಲಿ ಸಾವಯವ ಬೆಲ್ಲದ ಅರ್ಥವಲ್ಲ, ಇಂಗಾಲ ಇರುವ ಸಂಯುಕ್ತ ಎಂದಷ್ಟೇ. ಹೊಸ ಪೇಂಟ್, ಹೊಸ ಕಾರು, ನೈಲ್ ಪಾಲಿಶ್, ನಿಂಬೆ ಸಿಪ್ಪೆ, ಎಲ್ಲದರಿಂದಲೂ ವಿಒಸಿ ಬರುತ್ತದೆ. ರೋಲ್ ಮಾಡಿ ಪ್ಲಾಸ್ಟಿಕ್‌ನಲ್ಲಿ ಗಾಳಿ ಹೀರಿ ಕಳಿಸುವ ಹಾಸಿಗೆಯಲ್ಲಿ ಮೊದಲ ದಿನ ವಾಸನೆ ಜೋರಿರುವುದಕ್ಕೆ ಕಾರಣ ಸರಳ. ತಯಾರಾದ ದಿನದಿಂದ ಹೊರಹೋಗಬೇಕಾಗಿದ್ದ ಆವಿ ಒಳಗೇ ಸಿಕ್ಕಿಕೊಂಡಿರುತ್ತದೆ.

ಹಾಗಾದರೆ ಭೋಪಾಲ್? 1984ರಲ್ಲಿ ಸೋರಿದ್ದು ಮಿಥೈಲ್ ಐಸೊಸಯನೇಟ್, ಕೀಟನಾಶಕ ತಯಾರಿಸಲು ಇಟ್ಟಿದ್ದು. ಹಾಸಿಗೆ ಫೋಮಿಗೆ ಅದನ್ನು ಬಳಸುವುದಿಲ್ಲ. ಬಳಸುವುದು ಅದೇ ಕುಟುಂಬದ ಟಿಡಿಐ ಅಥವಾ ಎಂಡಿಐ. ಟಿಡಿಐ ಕೂಡ ಸಾಧು ಪದಾರ್ಥವೇನಲ್ಲ. ಫೋಮ್ ಕಾರ್ಖಾನೆಯಲ್ಲಿ ಅದರ ಆವಿ ಉಸಿರಾಡುವ ಕಾರ್ಮಿಕರಿಗೆ ಉಬ್ಬಸ ಬರಬಹುದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿನಲ್ಲಿ ಇಟ್ಟಿದೆ. ಆದರೆ ಅದು ತುಂಬಾ ಆತುರದ ರಾಸಾಯನಿಕ. ಪಾಲಿಯೋಲ್ ಅಥವಾ ನೀರು ಸಿಕ್ಕಿದರೆ ಕೂಡಿಕೊಂಡು ಬಿಡುತ್ತದೆ. ಗಟ್ಟಿಯಾದ ಫೋಮ್ ನಿಮ್ಮ ಮನೆ ತಲುಪುವ ಹೊತ್ತಿಗೆ ಟಿಡಿಐ, ಟಿಡಿಐ ಆಗಿ ಉಳಿದಿರುವುದಿಲ್ಲ. ಇಲ್ಲಿ ಯಾರ ಬಗ್ಗೆಯಾದರೂ ಕಾಳಜಿ ಮಾಡುವುದಿದ್ದರೆ ಅದು ಕಾರ್ಖಾನೆಯೊಳಗೆ ನಿಂತವರ ಬಗ್ಗೆ. ಫಾರ್ವರ್ಡ್‌ಗಳಲ್ಲಿ ಅವರು ಬರುವುದೇ ಇಲ್ಲ.

ಎಷ್ಟು ಬರುತ್ತದೆ, ಎಷ್ಟು ದಿನ?

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು 2014ರಲ್ಲಿ ಶಿಶುಗಳ 20 ಹಾಸಿಗೆಗಳನ್ನು ಪರೀಕ್ಷಿಸಿದರು, ಹೊಸವು, ಹಳೆಯವು ಎರಡೂ. ಹೊಸ ಹಾಸಿಗೆಗಳು ಹಳೆಯವಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ವಿಒಸಿ ಬಿಡುತ್ತಿದ್ದವು. ಮೈಯ ಶಾಖ ತಾಕಿದಾಗ ಹೊರಬರುವ ಪ್ರಮಾಣ ಹೆಚ್ಚುತ್ತಿತ್ತು. ಕೋಣೆಯ ನಡುವಿನ ಗಾಳಿಗಿಂತ ಮಲಗಿದ ಮಗುವಿನ ಮೂಗಿನ ಆಸುಪಾಸಿನಲ್ಲಿ ಸಾಂದ್ರತೆ ಜಾಸ್ತಿ ಇತ್ತು. ಇಷ್ಟು ಓದಿದರೆ ಫಾರ್ವರ್ಡ್ ಮಾಡಿದವರದೇ ಸರಿ ಅನ್ನಿಸುತ್ತದೆ. ಆದರೆ ಅದೇ ಫಲಿತಾಂಶವನ್ನು ಇನ್ನೊಂದು ಕಡೆಯಿಂದಲೂ ಓದಬಹುದು: ಹಾಸಿಗೆ ಹಳತಾದಂತೆ ಆವಿ ಇಳಿಯುತ್ತದೆ. ಹೆಚ್ಚಿನದು ಮೊದಲ ಕೆಲವು ದಿನ, ಕೆಲವು ವಾರಗಳಲ್ಲೇ ಹೋಗುತ್ತದೆ. ಹಾಸಿಗೆಯನ್ನು ಮಗು ಹುಟ್ಟುವ ಮೊದಲೇ ತಂದು, ಪ್ಲಾಸ್ಟಿಕ್ ಪೂರ್ತಿ ತೆಗೆದು, ಗಾಳಿ ಆಡುವ ಕೋಣೆಯಲ್ಲಿ ಎರಡು ಮೂರು ವಾರ ನಿಲ್ಲಿಸಿಟ್ಟರೆ ಅರ್ಧ ಸಮಸ್ಯೆ ಬಿಟ್ಟಿಯಾಗಿ ಬಗೆಹರಿಯುತ್ತದೆ. ನಮ್ಮಲ್ಲಿ ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರ್ ತೆಗೆಯದೆ, ಕೊಳೆ ಆಗಬಾರದು ಅಂತ ತಿಂಗಳುಗಟ್ಟಲೆ ಅದರ ಮೇಲೇ ಮಲಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೇಗ ಹೋಗದ ಇನ್ನೊಂದು ಗುಂಪೂ ಇದೆ. ಪ್ಲಾಸ್ಟಿಕ್ ಮೆದುವಾಗಿಸುವ ಥ್ಯಾಲೇಟ್‌ಗಳು, ಬೆಂಕಿ ಹತ್ತುವುದನ್ನು ತಡೆಯುವ ರಾಸಾಯನಿಕಗಳು. ಇವು ನಿಧಾನಕ್ಕೆ, ವರ್ಷಗಟ್ಟಲೆ ಹೊರಬಂದು ಮನೆಯ ಧೂಳಿಗೆ ಅಂಟಿಕೊಳ್ಳುತ್ತವೆ. ಟೊರೊಂಟೊ ವಿಶ್ವವಿದ್ಯಾಲಯದ ತಂಡವೊಂದು 2025ರಲ್ಲಿ ಮಕ್ಕಳ 16 ಹೊಸ ಹಾಸಿಗೆಗಳನ್ನು ಪರೀಕ್ಷಿಸಿ ಇವೆರಡೂ ಹೊರಬರುವುದನ್ನು ವರದಿ ಮಾಡಿತು. ಇವಕ್ಕೆ ವಾಸನೆಯೇ ಇರುವುದಿಲ್ಲ. ಹಾಗಾಗಿ ‘ಮೂಸಿ ನೋಡಿ ತಿಳಿಯಿರಿ’ ಎಂಬ ಸಲಹೆ ಎರಡೂ ಕಡೆ ಕೈಕೊಡುತ್ತದೆ. ಜೋರಾಗಿ ವಾಸನೆ ಬರುವುದು ವಾರದಲ್ಲಿ ಹೋಗಿಬಿಡಬಹುದು, ವಾಸನೆಯೇ ಇಲ್ಲದ್ದು ಉಳಿದಿರಬಹುದು. ಮಗುವಿನ ಹಾಸಿಗೆಗೆ ಮೆತ್ತನೆಯ ವಿನೈಲ್ ಹೊದಿಕೆ ಬೇಡ ಎನ್ನುವುದು, ವಾರಕ್ಕೊಮ್ಮೆ ಹಾಸು-ಹೊದಿಕೆ ಒಗೆಯುವುದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಈ ಗುಂಪಿಗೆ ಇವೇ ಮದ್ದು.

ಅಮೆರಿಕದ ವಿಡಿಯೋಗಳ ಕಥೆ

ಕತ್ತರಿಯಲ್ಲಿ ಹಾಸಿಗೆ ಸೀಳಿದರೆ ಹೊಳೆಯುವ ಎಳೆಗಳು ಹಾರಾಡುವ ವಿಡಿಯೋ ನೀವೂ ನೋಡಿರಬಹುದು. ಅದು ಸುಳ್ಳು ವಿಡಿಯೋ ಅಲ್ಲ, ಆದರೆ ಅದರ ಊರು ಬೇರೆ. 2007ರಲ್ಲಿ ಅಮೆರಿಕದಲ್ಲಿ ಹಾಸಿಗೆಗಳು ನೇರ ಬೆಂಕಿಯನ್ನು ಇಷ್ಟು ಹೊತ್ತು ತಡೆಯಬೇಕು ಎಂಬ ಕಾನೂನು ಜಾರಿಗೆ ಬಂತು. ಅದನ್ನು ಅಗ್ಗದಲ್ಲಿ ಪಾಲಿಸಲು ಕೆಲವು ತಯಾರಕರು ಹೊರ ಕವರಿನ ಒಳಗೆ ಗಾಜಿನ ಎಳೆಯ ಚೀಲ ತೊಡಿಸಿದರು. ಒಗೆಯಲೆಂದು ಜಿಪ್ ಬಿಚ್ಚಿದವರ ಮನೆ ತುಂಬಾ ಆ ಎಳೆ ಹರಡಿತು, ಚರ್ಮ ತುರಿಸಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ, 2027ರ ಜನವರಿ 1ರಿಂದ ಹಾಸಿಗೆಗಳಲ್ಲಿ ಇದನ್ನು ನಿಷೇಧಿಸಿದೆ.

ಪಿಬಿಡಿಇ ಎಂಬ ಬೆಂಕಿನಿರೋಧಕದ ಹೆಸರೂ ಅಲ್ಲಿಂದಲೇ ಬಂದದ್ದು. ಕ್ಯಾಲಿಫೋರ್ನಿಯಾದ 1975ರ ನಿಯಮ ಪಾಲಿಸಲು ಸೋಫಾ ಫೋಮಿಗೆ ಅದನ್ನು ಧಾರಾಳವಾಗಿ ಹಾಕುತ್ತಿದ್ದರು. ಅದು ಮನೆಯ ಧೂಳಿನಲ್ಲಿ, ತಾಯಿಯ ಹಾಲಿನಲ್ಲಿ ಸಿಗಲು ಶುರುವಾದ ಮೇಲೆ ಕೈಬಿಟ್ಟರು. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಭಾರತವೂ 2018ರ ನಿಯಮಗಳಲ್ಲಿ ಇವುಗಳ ತಯಾರಿಕೆ, ವ್ಯಾಪಾರ, ಬಳಕೆ, ಆಮದು, ರಫ್ತು ಎಲ್ಲವನ್ನೂ ನಿಷೇಧಿಸಿತು. ಅಮೆರಿಕದಲ್ಲಿರುವ ಮಗಳು ಕಳಿಸಿದ ವಿಡಿಯೋ ಅವಳ ಮನೆಯ ಹಾಸಿಗೆಗೆ ಹೊಂದಬಹುದು. ಅಲ್ಲಿರುವವರು ಟ್ಯಾಗ್‌ನಲ್ಲಿ ಗ್ಲಾಸ್ ಫೈಬರ್ ಎಂದು ಕಂಡರೆ ಒಳ ಕವರ್ ಬಿಚ್ಚದಿರುವುದು ಕ್ಷೇಮ. ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಹಾಸಿಗೆಯನ್ನು ಅದೇ ಭಯದಲ್ಲಿ ನೋಡುವ ಅಗತ್ಯವಿಲ್ಲ.

ಇನ್ನು ‘ನ್ಯಾಚುರಲ್’ ಕಡೆಗೆ

ಸುಳ್ಯ, ಪುತ್ತೂರು ಕಡೆ ಹೋದವರಿಗೆ ರಬ್ಬರ್ ತೋಟ ಹೊಸದಲ್ಲ. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳೂ ಅಲ್ಲಿವೆ. ಬೆಳಗಿನ ಜಾವ ಮರದ ತೊಗಟೆ ಕೆತ್ತಿ, ಚಿಪ್ಪಿನಲ್ಲಿ ಹಾಲು ಹಿಡಿಯುತ್ತಾರೆ. ಆ ಹಾಲೇ ಲೇಟೆಕ್ಸ್. ಮರದಿಂದ ಬಂದದ್ದು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದು ಹಾಸಿಗೆ ಆಗುವ ದಾರಿ ಉದ್ದವಿದೆ. ಹಾಲು ಕೆಡದಂತೆ ಅಮೋನಿಯಾ ಹಾಕಬೇಕು. ಯಂತ್ರದಲ್ಲಿ ತಿರುಗಿಸಿ ರಬ್ಬರ್ ಅಂಶ ಸುಮಾರು 60% ಆಗುವಷ್ಟು ಗಟ್ಟಿ ಮಾಡಬೇಕು. ಗಂಧಕ, ಸತುವಿನ ಆಕ್ಸೈಡ್, ವೇಗವರ್ಧಕ ಬೆರೆಸಿ, ನೊರೆ ಎಬ್ಬಿಸಿ, ಅಚ್ಚಿಗೆ ಹೊಯ್ದು ಬೇಯಿಸಬೇಕು, ಆಮೇಲೆ ತೊಳೆದು ಒಣಗಿಸಬೇಕು. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ವಿಧಾನ ಇದು, ಇವತ್ತಿಗೂ ಅದನ್ನು ಡನ್‌ಲಪ್ ವಿಧಾನ ಎಂದೇ ಕರೆಯುತ್ತಾರೆ. ಗಂಧಕ ಹಾಕಿ ಬೇಯಿಸದಿದ್ದರೆ ರಬ್ಬರ್ ಬೇಸಿಗೆಯಲ್ಲಿ ಅಂಟಂಟಾಗಿ ಕುಳಿತುಬಿಡುತ್ತದೆ. ಹೀಗಾಗಿ ‘ಕೆಮಿಕಲ್ ಫ್ರೀ ಲೇಟೆಕ್ಸ್ ಹಾಸಿಗೆ’ ಎಂಬುದು ಹುಳಿ ಹಾಕದ ಹುಳಿಸಾರಿನ ಹಾಗೆ, ಹೆಸರಿನಲ್ಲೇ ಎಡವಟ್ಟು.

ಇದರ ಅರ್ಥ ಲೇಟೆಕ್ಸ್ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ತೊಳೆದು ಮಾಡಿದ ಲೇಟೆಕ್ಸ್ ಒಳ್ಳೆಯ ಹಾಸಿಗೆ, ಬಾಳಿಕೆ ಬರುತ್ತದೆ, ದುಡ್ಡಿದ್ದರೆ ಕೊಳ್ಳಿ. ಹೊಸತರಲ್ಲಿ ಅದಕ್ಕೂ ತನ್ನದೇ ರಬ್ಬರ್ ವಾಸನೆ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಲೇಟೆಕ್ಸ್ ಅಲರ್ಜಿ ಇದ್ದರೆ, ಅಂದರೆ ಬಲೂನು ಅಥವಾ ರಬ್ಬರ್ ಕೈಚೀಲ ತಾಕಿದರೆ ಮೈ ದದ್ದು ಏಳುವುದಿದ್ದರೆ, ಡಾಕ್ಟರನ್ನು ಕೇಳಿಯೇ ಕೊಳ್ಳಿ. ಅಲರ್ಜಿ ತರುವುದು ಮರದ ಹಾಲಿನಲ್ಲಿರುವ ಪ್ರೋಟೀನ್. ಪೆಟ್ರೋಲಿಯಂನಿಂದ ಮಾಡಿದ ಲೇಟೆಕ್ಸ್‌ನಲ್ಲಿ ಆ ಪ್ರೋಟೀನ್ ಇರುವುದಿಲ್ಲ.

ತೆಂಗಿನ ನಾರಿನ ಹಾಸಿಗೆ ನಮ್ಮಲ್ಲಿ ದಶಕಗಳಿಂದ ಇದೆ. ಸುರುಳಿ ಮಾಡಿದ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಬೇಯಿಸಿ ಒತ್ತಿದ್ದು ಅದು. ಗಟ್ಟಿ, ಗಾಳಿ ಆಡುತ್ತದೆ. ಆದರೆ ಅಂಗಡಿಯಲ್ಲಿ ‘ಕಾಯರ್ ಹಾಸಿಗೆ’ ಎಂದು ಮಾರುವ ಎಷ್ಟೋ ಹಾಸಿಗೆಗಳಲ್ಲಿ ನಡುವೆ ಮಾತ್ರ ನಾರು, ಮೇಲೆ ಕೆಳಗೆ ಪಿಯು ಫೋಮ್, ನಡುವೆ ಗೋಂದು. ಲೇಬಲ್‌ನಲ್ಲಿ ಪದರಗಳ ದಪ್ಪ ಎಷ್ಟೆಷ್ಟು ಎಂದು ಕೇಳದಿದ್ದರೆ ಗೊತ್ತಾಗುವುದಿಲ್ಲ.

ಹತ್ತಿಯ ಗಾದಿಯಷ್ಟು ಹಳೆಯ ‘ಲೋ ಎಮಿಷನ್’ ಹಾಸಿಗೆ ಬೇರೆ ಇರಲಾರದು. ಉತ್ತರ ಕರ್ನಾಟಕದಲ್ಲಿ ಪಿಂಜಾರರು ಬಿಲ್ಲು ಹಿಡಿದು ಹತ್ತಿ ಹಿಂಜುವ ಸದ್ದು ಕೇಳಿ ಬೆಳೆದವರು ಇನ್ನೂ ಇದ್ದಾರೆ. ಅದಕ್ಕೆ ಗೋಂದೂ ಬೇಡ, ಫೋಮೂ ಬೇಡ. ಆದರೆ ಹತ್ತಿ ತೇವ ಹೀರುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದರೊಳಗೆ ಬೂಷ್ಟು ಬರುತ್ತದೆ, ಧೂಳು ನುಸಿ ಹೆಚ್ಚುತ್ತದೆ. ಕಣ್ಣಿಗೆ ಕಾಣದ ಈ ನುಸಿ ನಮ್ಮದೇ ಉದುರಿದ ಚರ್ಮ ತಿಂದು ಬದುಕುತ್ತದೆ, ಅದರ ಹಿಕ್ಕೆ ಉಬ್ಬಸದ ಮಕ್ಕಳಿಗೆ ದೊಡ್ಡ ಶತ್ರು. ಉಬ್ಬಸ ಇರುವ ಮನೆಯಲ್ಲಿ ಹಾಸಿಗೆಯ ವಿಒಸಿಗಿಂತ ಮೊದಲು ಯೋಚಿಸಬೇಕಾದದ್ದು ಈ ನುಸಿಯನ್ನು. ಬಿಸಿಲಿಗೆ ಹಾಕಿ ಬಡಿಯುವುದು, ಹಾಸುಗಳನ್ನು 60 ಡಿಗ್ರಿಯ ಬಿಸಿನೀರಲ್ಲಿ ಒಗೆಯುವುದು ಅಜ್ಜಿ ಕಾಲದ ಕೆಲಸಗಳೇ. ಬಡಿಯುವಾಗ ಉಬ್ಬಸದ ಮಗುವನ್ನು ಹತ್ತಿರ ನಿಲ್ಲಿಸಿಕೊಳ್ಳಬೇಡಿ ಅಷ್ಟೆ.

ತೂಕ ನೋಡಿ

ಇದು ಯಾವ ಫಾರ್ವರ್ಡ್‌ನಲ್ಲೂ ಬರದ, ಆದರೆ ಮನೆಯಲ್ಲೇ ಮಾಡಬಹುದಾದ ಲೆಕ್ಕ. ಲೇಟೆಕ್ಸ್ ಫೋಮ್ ಭಾರ. ಒಂದು ಘನ ಮೀಟರಿಗೆ ಸಾಮಾನ್ಯವಾಗಿ 65ರಿಂದ 90 ಕೆಜಿ ಇರುತ್ತದೆ. ಮಾಮೂಲಿ ಪಿಯು ಫೋಮ್ 30 ಕೆಜಿ ಆಸುಪಾಸು. ಉದ್ದ, ಅಗಲ, ದಪ್ಪ ಮೂರನ್ನೂ ಮೀಟರಿಗೆ ತಿರುಗಿಸಿ ಗುಣಿಸಿ. ಒಂದು ಇಂಚು ಎಂದರೆ 0.0254 ಮೀಟರ್. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆ ಸುಮಾರು 0.46 ಘನ ಮೀಟರ್ ಆಗುತ್ತದೆ. ಅದು ಪೂರ್ತಿ ಲೇಟೆಕ್ಸ್ ಆಗಿದ್ದರೆ 30 ಕೆಜಿಯಾದರೂ ತೂಗಬೇಕು. ಡೆಲಿವರಿ ಹುಡುಗ ಒಬ್ಬನೇ ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ಸಲೀಸಾಗಿ ತಂದಿಟ್ಟರೆ ಅನುಮಾನ ಪಡಿ.

ಅಕ್ಕನಿಗೆ ಬಂದ ಲಿಂಕ್ ತೆರೆದು ನೋಡಿದೆವು. ಬೇಬಿ ಹಾಸಿಗೆ, 48 ಇಂಚು, 24 ಇಂಚು, 4 ಇಂಚು. ನ್ಯಾಚುರಲ್ ಲೇಟೆಕ್ಸ್ ಆದರೆ ಸುಮಾರು 5 ಕೆಜಿ ಬರಬೇಕು. ಪುಟದ ಕೆಳಗೆ ಸಣ್ಣಕ್ಷರದಲ್ಲಿ ತೂಕ 2.4 ಕೆಜಿ ಎಂದು ಅವರೇ ಬರೆದಿದ್ದರು. ಭಾಗಿಸಿದರೆ ಘನ ಮೀಟರಿಗೆ 32 ಕೆಜಿ.

ಒಂದು ಎಚ್ಚರಿಕೆ: ತೂಕ ಸುಳ್ಳನ್ನು ಹಿಡಿಯುತ್ತದೆ, ನಿಜವನ್ನು ಸಾಬೀತು ಮಾಡುವುದಿಲ್ಲ. ಸಿಂಥೆಟಿಕ್ ಲೇಟೆಕ್ಸ್ ಕೂಡ ಇಷ್ಟೇ ಭಾರ. ಸುಣ್ಣದ ಪುಡಿಯಂಥ ಫಿಲ್ಲರ್ ಬೆರೆಸಿ ತೂಕ ಹೆಚ್ಚಿಸಲೂ ಬಹುದು.

ಯಾವ ಸರ್ಟಿಫಿಕೇಟ್ ಏನು ಹೇಳುತ್ತದೆ?

ಮೊದಲು ಹೇಳಿದ ಎರಡು ಪ್ರಶ್ನೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಗೋಲ್ಸ್ ಎಂಬ ಗುರುತು ಲೇಟೆಕ್ಸ್‌ಗೆ, ಕಚ್ಚಾವಸ್ತುವಿನಲ್ಲಿ 95%ಗಿಂತ ಹೆಚ್ಚು ಪ್ರಮಾಣಿತ ಸಾವಯವ ರಬ್ಬರ್ ಇರಬೇಕು. ಗಾಟ್ಸ್ ಬಟ್ಟೆಗೆ, ‘ಆರ್ಗ್ಯಾನಿಕ್’ ದರ್ಜೆಗೆ 95%, ಕೆಳಗಿನ ದರ್ಜೆಗೆ 70% ಸಾವಯವ ನೂಲು. ಇವೆರಡೂ ಹೆಚ್ಚಾಗಿ ‘ಯಾವುದರಿಂದ ಮಾಡಿದ್ದು’ ಎಂಬ ಮೊದಲ ಪ್ರಶ್ನೆಗೆ ಉತ್ತರ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹಾನಿಕಾರಕ ಪದಾರ್ಥಗಳಿಗಾಗಿ ಮಾಡುವ ಪರೀಕ್ಷೆ. ಇದರಲ್ಲಿ ಒಂದನೇ ವರ್ಗ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಿಗೆ, ಮಿತಿಗಳು ಅಲ್ಲಿ ಅತಿ ಬಿಗಿ. ಸರ್ಟಿಪುರ್ ಪಿಯು ಫೋಮಿಗೆ ಮಾತ್ರ. ಅಮೆರಿಕದ ಸರ್ಟಿಪುರ್‌ನಲ್ಲಿ ಒಟ್ಟು ವಿಒಸಿ ಹತ್ತು ಲಕ್ಷದಲ್ಲಿ 0.5 ಭಾಗಕ್ಕಿಂತ ಕಡಿಮೆ ಇರಬೇಕು. ಇದನ್ನು ಶುರು ಮಾಡಿದ್ದು ಫೋಮ್ ಉದ್ಯಮದವರೇ, ಪರೀಕ್ಷೆ ಮಾತ್ರ ಹೊರಗಿನ ಲ್ಯಾಬ್‌ಗಳದು. ಗ್ರೀನ್‌ಗಾರ್ಡ್ ಗೋಲ್ಡ್‌ನಲ್ಲಿ ವಸ್ತುವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗಾಳಿಗೆ ಏನು ಬರುತ್ತದೆ ಎಂದೇ ಅಳೆಯುತ್ತಾರೆ.

ಇದರಿಂದ ಒಂದು ವಿಚಿತ್ರ ಹೊಳೆಯುತ್ತದೆ. ಸರ್ಟಿಪುರ್ ಮತ್ತು ಗ್ರೀನ್‌ಗಾರ್ಡ್ ಇರುವ ಸಾಧಾರಣ ಫೋಮ್ ಹಾಸಿಗೆ, ಯಾವ ಪರೀಕ್ಷೆಯೂ ಆಗದ ‘ನ್ಯಾಚುರಲ್’ ಹಾಸಿಗೆಗಿಂತ ಕಡಿಮೆ ಆವಿ ಬಿಡುತ್ತದೆ ಎಂದು ನಂಬಲು ನಮಗೆ ಹೆಚ್ಚು ಕಾರಣವಿದೆ. ಒಂದರದು ಅಳತೆ, ಇನ್ನೊಂದರದು ಬರೀ ವಿಶೇಷಣ.

ಮೋಸ ಹೆಚ್ಚಾಗಿ ನಡೆಯುವ ಜಾಗವೂ ಇದೇ. ಮೇಲುಹೊದಿಕೆಯ ಬಟ್ಟೆಗೆ ಸಿಕ್ಕ ಗಾಟ್ಸ್ ಗುರುತನ್ನು ಇಡೀ ಹಾಸಿಗೆಯ ಚಿತ್ರದ ಮೇಲೆ ಹಾಕುತ್ತಾರೆ. ಒಳಗೆ ಮಾಮೂಲಿ ಫೋಮ್ ಇರುತ್ತದೆ. ಆದ್ದರಿಂದ ಅಂಗಡಿಯವರನ್ನು ಎರಡು ವಿಷಯ ಕೇಳಿ: ಈ ಸರ್ಟಿಫಿಕೇಟ್ ಹಾಸಿಗೆಯ ಯಾವ ಭಾಗಕ್ಕೆ? ನಂಬರ್ ಎಷ್ಟು? ಓಕೋ-ಟೆಕ್ಸ್, ಗಾಟ್ಸ್ ಎರಡೂ ಸರ್ಟಿಫಿಕೇಟ್‌ಗಳನ್ನು ಅವರವರ ವೆಬ್‌ಸೈಟಿನಲ್ಲಿ ಫೋನಿನಲ್ಲೇ ಪರೀಕ್ಷಿಸಬಹುದು. ‘ಗ್ರೀನ್’, ‘ಎಕೋ-ಫ್ರೆಂಡ್ಲಿ’, ‘ಪ್ಯೂರ್’ ಎಂದು ಆಧಾರವಿಲ್ಲದೆ ಬರೆಯಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮಗುವಿನ ಪ್ರಶ್ನೆ

ಈಗ ಆ ಮೂರನೆಯ ಪ್ರಶ್ನೆ. ಹಾಸಿಗೆಯ ವಿಷಾನಿಲದಿಂದ ಮಕ್ಕಳು ಸಾಯುತ್ತಾರೆ ಎಂಬ ಮಾತು ವಾಟ್ಸಾಪ್‌ಗಿಂತ ಹಳೆಯದು. 1994ರ ನವೆಂಬರ್‌ನಲ್ಲಿ ಬ್ರಿಟನ್ನಿನ ‘ದಿ ಕುಕ್ ರಿಪೋರ್ಟ್’ ಎಂಬ ಟಿವಿ ಕಾರ್ಯಕ್ರಮ ಇದನ್ನೇ ಹೇಳಿತ್ತು. ಶಿಶುಗಳ ಹಾಸಿಗೆಗೆ ಬೆಂಕಿ ತಡೆಯಲೆಂದು ಹಾಕಿದ ಆಂಟಿಮನಿಯನ್ನು ಒಂದು ಬಗೆಯ ಶಿಲೀಂಧ್ರ ವಿಷಾನಿಲವಾಗಿ ಬದಲಿಸುತ್ತದೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಶಿಶುಗಳು ತೀರಿಕೊಳ್ಳುವುದಕ್ಕೆ ಇದೇ ಕಾರಣ ಎಂಬುದು ಅದರ ವಾದ. ದೇಶದ ತಾಯಂದಿರೆಲ್ಲ ಗಾಬರಿಯಾದರು, ಹಾಸಿಗೆಗಳನ್ನು ಎಸೆದರು. ಸರ್ಕಾರ ಲೇಡಿ ಲಿಮರಿಕ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅದರ ಅಂತಿಮ ವರದಿ 1998ರಲ್ಲಿ ಬಂತು: ಆ ವಾದಕ್ಕೆ ಸಾಕ್ಷ್ಯ ಇಲ್ಲ. ಹಾಗೆ ತೀರಿಕೊಂಡ ಶಿಶುಗಳ ದೇಹದಲ್ಲಿ ಬೇರೆ ಕಾರಣಕ್ಕೆ ತೀರಿಕೊಂಡ ಶಿಶುಗಳಿಗಿಂತ ಹೆಚ್ಚು ಆಂಟಿಮನಿ ಇರಲಿಲ್ಲ.

ಆ ಕಾರ್ಯಕ್ರಮ ಬರುವ ಮೂರು ವರ್ಷ ಮೊದಲೇ, 1991ರ ಕೊನೆಯಲ್ಲಿ, ಬ್ರಿಟನ್ನಿನಲ್ಲಿ ಇನ್ನೊಂದು ಪ್ರಚಾರ ಶುರುವಾಗಿತ್ತು. ಮಗುವನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ, ಇಷ್ಟೇ ಅದರ ಸಾರ. ಒಂದೆರಡು ವರ್ಷಗಳಲ್ಲೇ ಇಂಥ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಹಾಸಿಗೆಗಳು ಅವೇ ಇದ್ದವು, ಮಲಗಿಸುವ ರೀತಿ ಬದಲಾಗಿತ್ತು.

‘ನ್ಯಾಚುರಲ್’ ಎಂಬ ಪದ ಇಲ್ಲಿ ತಿರುಗಿ ಕಚ್ಚುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೋರಲು ಮಲಗಿದ ಶಿಶುಗಳ ಅಪಾಯ ನೈಸರ್ಗಿಕ ಎಳೆ ತುಂಬಿದ ಹಾಸಿಗೆಯ ಮೇಲೆ ಮತ್ತಷ್ಟು ಹೆಚ್ಚಿತ್ತು. ಅಲ್ಲಿ ತುಂಬುತ್ತಿದ್ದದ್ದು ಮರದ ತೊಗಟೆಯ ಎಳೆ ಅಥವಾ ಕಪೋಕ್, ಅಂದರೆ ನಮ್ಮ ಬೂರುಗದ ಹತ್ತಿಯಂಥದೇ. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹೂತುಹೋದರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ತಲೆ ತಿರುಗಿಸುವ ಬಲ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಆ ಹತ್ತಿ ಎಷ್ಟು ಶುದ್ಧ, ಎಷ್ಟು ಆರ್ಗ್ಯಾನಿಕ್ ಎನ್ನುವುದರಿಂದ ಇದು ಬದಲಾಗುವುದಿಲ್ಲ.

ಹಾಗಾಗಿ ಒಂದು ವರ್ಷದೊಳಗಿನ ಮಗುವಿಗೆ ಮೊದಲು ನೋಡಬೇಕಾದದ್ದು ಗಟ್ಟಿತನ. ಹಾಸಿಗೆ ಗಟ್ಟಿ, ಸಮತಟ್ಟು ಇರಬೇಕು. ಕೈ ಒತ್ತಿ ತೆಗೆದರೆ ಗುಳಿ ಉಳಿಯಬಾರದು. ಮೆಮೊರಿ ಫೋಮ್ ಬೇಡವೇ ಬೇಡ, ಎಷ್ಟೇ ಸರ್ಟಿಫಿಕೇಟ್ ಇರಲಿ. ಮಂಚದ ಅಂಚಿಗೂ ಹಾಸಿಗೆಗೂ ನಡುವೆ ಸಂದು ಇರಬಾರದು. ದಿಂಬು, ಮೆತ್ತನೆಯ ಬೊಂಬೆ, ದಪ್ಪ ರಗ್ಗು ಹಾಸಿಗೆಯ ಮೇಲೆ ಇರಬಾರದು. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬು ಕೂಡ ನಿದ್ದೆಯ ಹೊತ್ತಿಗೆ ಬೇಡ. ಇದನ್ನು ಅಮ್ಮನಿಗೆ ಹೇಳಿ ಒಪ್ಪಿಸಲು ನನಗೆ ಐಸೊಸಯನೇಟ್ ವಿವರಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಕೋಣೆಯ ಉಳಿದ ಹೊಗೆ

ಹಾಸಿಗೆಯ ವಿಒಸಿಗೆ ಹೆದರಿದ ನಮ್ಮದೇ ಮನೆಯಲ್ಲಿ ಸಂಜೆ ಆರಕ್ಕೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತಿದ್ದರು. 2003ರಲ್ಲಿ ಪ್ರಕಟವಾದ, ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದ ಅಧ್ಯಯನದ ಪ್ರಕಾರ, ಒಂದು ಸುರುಳಿ ಉರಿದು ಮುಗಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ. ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟು ಬರಬಹುದು. ಫಾರ್ಮಾಲ್ಡಿಹೈಡ್ ಎಂದರೆ ಹಾಸಿಗೆ ಫಾರ್ವರ್ಡ್‌ಗಳಲ್ಲಿ ಹೆದರಿಸಲು ಬಳಸುವ ಅದೇ ಹೆಸರು. 2004ರಿಂದ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಗುಂಪಿನಲ್ಲಿದೆ. ಪಿಯು ಫೋಮಿನ ಮುಖ್ಯ ಪದಾರ್ಥಗಳಲ್ಲಿ ಅದು ಇಲ್ಲ. ಹೊಸ ಪಾರ್ಟಿಕಲ್ ಬೋರ್ಡ್ ಮಂಚ, ವಾರ್ಡ್‌ರೋಬ್, ಅಗ್ಗದ ಪ್ಲೈವುಡ್‌ಗಳ ಅಂಟಿನಲ್ಲಿ ಇದೆ. ಅಗರಬತ್ತಿಯ ಹೊಗೆಯಲ್ಲೂ ಇದೆ. ಸೊಳ್ಳೆ ಕಚ್ಚಲಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಡೆಂಗಿ ಕಾಲದಲ್ಲಿ ಆ ಮಾತು ಸಲ್ಲದು. ಪರದೆ ಕಟ್ಟಿ. ಸಂಜೆಗೆ ಮುಂಚೆ ಕಿಟಕಿಗೆ ಜಾಲರಿ ಹಾಕಿಸಿ.

ಅಕ್ಕ ಆ ಲಿಂಕ್‌ನವರಿಗೆ ಸರ್ಟಿಫಿಕೇಟ್ ನಂಬರ್ ಕೇಳಿ ಮೆಸೇಜ್ ಮಾಡಿದಳು. “ಪ್ರೀಮಿಯಂ ಕ್ವಾಲಿಟಿ ಮೇಡಂ, ಇವತ್ತೇ ಆರ್ಡರ್ ಮಾಡಿದರೆ 40% ಆಫ್” ಎಂದು ಉತ್ತರ ಬಂತು. ಮತ್ತೆ ಕೇಳಿದ್ದಕ್ಕೆ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಕೊನೆಗೆ ಅವಳು ಊರಿನ ಅಂಗಡಿಯಲ್ಲೇ ನಾಲ್ಕು ಇಂಚಿನ ಗಟ್ಟಿ ನಾರಿನ ಹಾಸಿಗೆ ಮಂಚದ ಅಳತೆಗೆ ಕೊಯ್ಸಿಕೊಂಡಳು, ಮೇಲೆ ಒಗೆಯಬಹುದಾದ ಹತ್ತಿ ಬಟ್ಟೆ. ಹೆರಿಗೆಗೆ ಮೂರು ವಾರ ಇರುವಾಗ ತಂದು, ಪ್ಲಾಸ್ಟಿಕ್ ಬಿಚ್ಚಿ, ಹಾಲಿನ ಕಿಟಕಿಯ ಪಕ್ಕ ಗೋಡೆಗೆ ಒರಗಿಸಿಟ್ಟೆವು. ಮೊದಲ ನಾಲ್ಕು ದಿನ ರಬ್ಬರ್ ವಾಸನೆ ಇತ್ತು.